ಹೊಟ್ಟೆ ತುಂಬಿದ್ದು ತಿಳಿಯುವ ಚಾರ್ಜರ್

ಆ ಬೀದಿಯ ಮಕ್ಕಳಿಗೆ ಅವರು ಆಟಿಕೆ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಅವರದೊಂದು ಲೈಬ್ರರಿ ಇದೆ. ಕಪಾಟುಗಳಲ್ಲಿ ಪುಸ್ತಕಗಳಿಲ್ಲ; ಡೋಲು ಬಾರಿಸುವ ಕರಡಿ, ಗೋಡೆಗೆ ಡಿಕ್ಕಿ ಹೊಡೆದು ತಾನೇ ತಿರುಗಿಕೊಳ್ಳುವ ಕಾರು, ಹೊಗೆಯಿಲ್ಲದೆ ಕೂಗುವ ರೈಲು ಇವೆ. ಶನಿವಾರ ಒಯ್ದ ಆಟಿಕೆಯನ್ನು ಮುಂದಿನ ಶನಿವಾರ ತಂದುಕೊಟ್ಟು ಬೇರೆಯದನ್ನು ಒಯ್ಯಬಹುದು.

ಮೊದಲು ಅವರು ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸದಲ್ಲಿದ್ದರು. ಸೀಟಿನ ಸಂದಿಯಲ್ಲಿ ಮುರಿದ ಆಟಿಕೆ ಸಿಕ್ಕರೆ, ಯಾರೂ ಕೇಳದಿದ್ದರೆ, ಮನೆಗೆ ತಂದು ಬಿಚ್ಚುತ್ತಿದ್ದರು. ಏನನ್ನೂ ಬಿಚ್ಚಿ ನೋಡದೆ ಇರುವುದು ಅವರಿಂದಾಗದ ಕೆಲಸ. ಮದುವೆಯಾದ ಹೊಸದರಲ್ಲಿ ಚೆನ್ನಾಗಿ ನಡೆಯುತ್ತಿದ್ದ ಗೋಡೆ ಗಡಿಯಾರವನ್ನೇ ಬಿಚ್ಚಿದ್ದರು. ಅದನ್ನು ಅತ್ತೆ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ: “ಮನೆ ಕೂಡಿಸೋಕೆ ಅಂತ ಸೊಸೆ ತಂದೆ. ಇವಳು ಬಂದವಳೇ ಒಂದೊಂದಾಗಿ ಬಿಚ್ಚೋಕೆ ಶುರು ಮಾಡಿದಳು.”

ಅತ್ತೆಯ ಮಗ, ಅಂದರೆ ಆಟಿಕೆ ಅಕ್ಕನ ಗಂಡ, ದೂರದೂರಿಗೆ ಲಾರಿ ಓಡಿಸುತ್ತಾರೆ. ಹೀಗಾಗಿ ಮನೆಯಲ್ಲಿ ಇರುವುದು ಹೆಚ್ಚಾಗಿ ಅತ್ತೆ, ಸೊಸೆ ಇಬ್ಬರೇ. ಅತ್ತೆ ಒಂದು ದೊಡ್ಡ ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕಿ ನಿವೃತ್ತರಾದವರು. ಅಲ್ಲಿ ಒಮ್ಮೆ, ಯಾರೋ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸದೆ ಊಟಕ್ಕೆ ಹೋಗಿ, ಬಟ್ಟೆಯ ರಾಶಿಗೆ ಬೆಂಕಿ ಹತ್ತಿತ್ತು. ಅಂದಿನಿಂದ ಮನೆಯಲ್ಲಿ ಯಾವ ಪ್ಲಗ್ ಬಿಸಿಯಾದರೂ ಅವರ ಮೂಗಿಗೆ ಮೊದಲು ತಿಳಿಯುತ್ತದೆ.

ಒಂದು ಮಧ್ಯಾಹ್ನ ಹಾಗೆಯೇ ತಿಳಿಯಿತು. ಸೊಸೆ ಹಿತ್ತಲಲ್ಲಿ ಗೊಂಬೆಗಳ ಬಟ್ಟೆ ಒಗೆಯುತ್ತಿದ್ದರು. ಅತ್ತೆ ಎದ್ದು ಹೋಗಿ ನೋಡಿದರೆ ಮೇಜಿನ ಮೇಲೆ ಸೆಲ್ ಚಾರ್ಜರಿನ ಮುಚ್ಚಳ ಹಪ್ಪಳದಂತೆ ಸೊಟ್ಟಗಾಗಿತ್ತು. ಕೆಳಗಿನ ಮೇಜುಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಗೋಡೆಯ ಸ್ವಿಚ್ ಆರಿಸಿ, ಅದು ತಣ್ಣಗಾಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಸೊಸೆಯನ್ನು ಕೂಗಿದರು.

“ನಾನು ಮಲಗಿದ್ದಿದ್ರೆ?”

ಸೊಸೆ ಒದ್ದೆ ಕೈಯಲ್ಲೇ ಪ್ಲಗ್ ಕಿತ್ತು, ಸುಟ್ಟ ಮೇಜುಬಟ್ಟೆ ತೆಗೆದರು.

“ನಿನ್ನ ಲೈಬ್ರರಿ ಬೇಡ ಅನ್ನಲ್ಲ. ಆದ್ರೆ ಇನ್ನು ಈ ಮನೇಲಿ ಸೆಲ್ ಕಾಯಿಸೋ ಕೆಲಸ ಬೇಡ.”

ಎರಡೂ ಒಂದೇ ಎಂದು ಇಬ್ಬರಿಗೂ ಗೊತ್ತಿತ್ತು. ಕಪಾಟಿನ ಮುಕ್ಕಾಲು ಪಾಲು ಸೆಲ್ ಇಲ್ಲದೆ ಅಲುಗಾಡದ ಆಟಿಕೆಗಳೇ. ಒಂದು ಸಲ ಬಳಸಿ ಬಿಸಾಡುವ ಸೆಲ್ ಹಾಕಿ ನಡೆಸುವಷ್ಟು ಲೈಬ್ರರಿಗೆ ಶಕ್ತಿಯಿಲ್ಲ. ಸೊಸೆ ಗೋಗರೆದು ಶನಿವಾರದವರೆಗೆ ಗಡುವು ಪಡೆದರು. ಅಷ್ಟರೊಳಗೆ ಭಯವಿಲ್ಲದ ಚಾರ್ಜರ್ ತರಬೇಕು. ಅದನ್ನು ಅತ್ತೆ ಒಪ್ಪಬೇಕು.

ಹೊಸದು ಕೊಳ್ಳುವ ಮುಂಚೆ ಹಳೆಯದನ್ನು ಬಿಚ್ಚಿದರು. ಬಿಚ್ಚದಿದ್ದರೆ ಅವರು ಆಟಿಕೆ ಅಕ್ಕ ಅಲ್ಲ. ಒಳಗೆ ಏನೇನೋ ಇರುತ್ತದೆ ಎಂದುಕೊಂಡವರಿಗೆ ಕಂಡದ್ದು ಬೆರಳೆಣಿಕೆಯ ಬಿಡಿಭಾಗ, ಉಳಿದಂತೆ ಬರೀ ಖಾಲಿ ಜಾಗ. ಅದನ್ನೂ ಅದರಲ್ಲಿದ್ದ ಸೆಲ್‌ಗಳನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಬೀದಿಯ ತುದಿಯ ಎಲೆಕ್ಟ್ರಿಕ್ ಅಂಗಡಿಗೆ ಹೋದರು.

ಅಂಗಡಿಯವರು ಕನ್ನಡಕ ಏರಿಸಿ ನೋಡಿದರು. “ಅಕ್ಕಾ, ಇದಕ್ಕೆ ಸೆಲ್ ತುಂಬಿದ್ದು ಗೊತ್ತೇ ಆಗಲ್ಲ. ನೀವು ಪ್ಲಗ್ ಕೀಳೋವರೆಗೂ ಕರೆಂಟ್ ಕೊಡ್ತಾನೇ ಇರುತ್ತೆ.”

“ಸಾಕು ಸಾಕು ಅಂದ್ರೂ ಬಡಿಸೋ ನಮ್ಮತ್ತೆ ಥರ.”

“ಅದನ್ನ ನಾನು ಹೇಳಲ್ಲಪ್ಪ. ಅವರು ನನ್ನ ಹತ್ರಾನೇ ಬಲ್ಬ್ ತಗೊಳ್ತಾರೆ.”

ಅವರು ಮೊದಲು ತೆಗೆದಿಟ್ಟದ್ದು ಹೊಳೆಯುವ ಡಬ್ಬಿಯ ಒಂದು ಚಾರ್ಜರ್. ಕಾಫಿ ಕುಡಿದು ಮುಗಿಸುವುದರೊಳಗೆ ಚಾರ್ಜ್ ಆಗುತ್ತದೆ ಎಂದರು. ಆಟಿಕೆ ಅಕ್ಕ ಕೇಳಿದರು: “ಅಷ್ಟು ಬೇಗ ತುಂಬಿದ್ರೆ ಬಿಸಿ ಆಗಲ್ವಾ?” ಅಂಗಡಿಯವರು “ಆಗುತ್ತೆ” ಎಂದು ಅದನ್ನು ಪಕ್ಕಕ್ಕಿಟ್ಟರು. ಎರಡನೆಯದರಲ್ಲಿ ಸೆಲ್ ಕೂರಿಸುವ ನಾಲ್ಕು ಮನೆಗಳಿದ್ದರೂ ದೀಪ ಎರಡೇ. “ಇದು ಜೋಡಿ ಜೋಡಿಯಾಗಿ ತುಂಬೋದು. ಅರ್ಧ ತುಂಬಿದ್ದರ ಜೊತೆ ಪೂರ್ತಿ ಖಾಲಿ ಸೆಲ್ ಹಾಕಿದ್ರೆ ಎರಡಕ್ಕೂ ಒಂದೇ ಲೆಕ್ಕ.” ಮಕ್ಕಳ ಆಟಿಕೆಯಿಂದ ಬರುವ ಸೆಲ್ ಯಾವುದು ಎಷ್ಟು ಖಾಲಿ ಎಂದು ಯಾರಿಗೆ ಗೊತ್ತು? ಅದೂ ಪಕ್ಕಕ್ಕೆ ಹೋಯಿತು. ಇನ್ನೊಂದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ, ಸುರಕ್ಷತೆಯ ಗುರುತೂ ಇರಲಿಲ್ಲ. ಅದನ್ನು ಅಂಗಡಿಯವರು ತೋರಿಸಲು ಹೋಗಿ ತಾವೇ ಒಳಗಿಟ್ಟರು.

ಉಳಿದದ್ದು ಬೂದು ಬಣ್ಣದ ಒಂದು ಸಾದಾ ಚಾರ್ಜರ್. ಪ್ರತಿ ಸೆಲ್‌ಗೂ ಬೇರೆ ಮನೆ, ಬೇರೆ ದೀಪ. “ತುಂಬ್ತಾ ಇರೋವಾಗ ಸೆಲ್‌ನ ವೋಲ್ಟೇಜ್ ಏರ್ತಾ ಹೋಗುತ್ತೆ. ತುಂಬಿದ ಮೇಲೆ ಒಂಚೂರು ಇಳಿಯುತ್ತೆ. ಇದು ಆ ಇಳಿತ ಹಿಡಿದು ನಿಲ್ಲಿಸುತ್ತೆ. ವಿಪರೀತ ಬಿಸಿಯಾದ್ರೂ ನಿಲ್ಲಿಸುತ್ತೆ.”

“ತುಂಬಿದ ಮೇಲೆ ಇಳಿಯುತ್ತಾ? ಯಾಕಣ್ಣ?”

“ಅದು ನನಗೂ ಗೊತ್ತಿಲ್ಲ ಕಣಕ್ಕ. ತಿಳಿದ್ರೆ ನನಗೂ ಹೇಳಿ.”

ಅಷ್ಟರಲ್ಲಿ ಅಂಗಡಿಯವರ ಕಣ್ಣು ಡಬ್ಬಿಯಲ್ಲಿದ್ದ ಹಳೆಯ ಸೆಲ್‌ಗಳ ಮೇಲೆ ಬಿತ್ತು. ಒಂದರ ತುದಿಯಿಂದ ಬಿಳಿ ಪುಡಿಯಂಥದ್ದು ಉಕ್ಕಿ ಗಟ್ಟಿಯಾಗಿತ್ತು. ಅದನ್ನು ಕಾಗದದಲ್ಲಿ ಹಿಡಿದು ತಿರುಗಿಸಿದರು. “ಅಕ್ಕಾ, ಇದು ರೀಚಾರ್ಜ್ ಸೆಲ್ಲೇ ಅಲ್ಲ. ಬಿಸಾಡೋದು. ಚಾರ್ಜ್ ಮಾಡಬೇಡಿ ಅಂತ ಇದರ ಮೇಲೇ ಬರೆದಿದೆ. ಯಾರು ಹಾಕಿದ್ದು?”

ಹಾಕಿದ್ದು ಆಟಿಕೆ ಅಕ್ಕನೇ. ಶನಿವಾರದ ಗದ್ದಲದಲ್ಲಿ ವಾಪಸ್ ಬಂದ ಆಟಿಕೆಗಳಿಂದ ಸೆಲ್ ತೆಗೆದು ಬುಟ್ಟಿಗೆ ಹಾಕುತ್ತಾರೆ. ಬುಟ್ಟಿಯಲ್ಲಿರುವುದೆಲ್ಲ ತಮ್ಮದೇ ಎಂದುಕೊಂಡು ಚಾರ್ಜರಿಗೆ ತುಂಬುತ್ತಾರೆ. ಆದರೆ ಹೊರಗಿನ ಸೆಲ್ ಬುಟ್ಟಿಗೆ ಬಂದದ್ದು ಹೇಗೆ? ಆ ಸೆಲ್ ತೆಗೆದದ್ದು ರೈಲಿನಿಂದ ಎಂದು ನೆನಪಾಗಿ, ಹೋದ ಶನಿವಾರ ರೈಲು ತಂದುಕೊಟ್ಟಿದ್ದ ನರ್ಸಮ್ಮನ ಮನೆಗೆ ಆ ಸಂಜೆಯೇ ಹೋದರು.

“ಹೌದು, ನಾನೇ ಹಾಕಿದ್ದು,” ಎಂದರು ನರ್ಸಮ್ಮ, ಹೊಗಳಿಕೆ ಕಾಯುವವರಂತೆ. “ನನ್ನ ಮಗಳು ಆಡಿ ಆಡಿ ಸೆಲ್ ಸತ್ತೇ ಹೋಗಿತ್ತು. ಸತ್ತ ರೈಲು ವಾಪಸ್ ಕೊಡೋಕಾಗುತ್ತಾ? ನಾಚಿಕೆಯಲ್ವಾ? ಹೊಸದು ಹಾಕಿ ಕೊಟ್ಟೆ.”

“ನಮ್ಮ ಹಳೇ ಸೆಲ್?”

“ಕಸಕ್ಕೆ ಹಾಕಿದೆ.”

“ಅಯ್ಯೋ, ಅದು ಸತ್ತಿರಲಿಲ್ಲ ಕಣ್ರೀ! ಹಸಿದಿತ್ತು ಅಷ್ಟೇ!”

ವಿಚಾರಿಸಿದರೆ ಇನ್ನೂ ಕೆಲವು ಮನೆಗಳಲ್ಲಿ ಇದೇ ಸೌಜನ್ಯ ನಡೆದಿತ್ತು. ಒಬ್ಬರೂ ಹೇಳಿರಲಿಲ್ಲ, ಮಾಡಿದ ಉಪಕಾರ ಹೇಳಿಕೊಳ್ಳಬಾರದೆಂದು. ಹೊಟ್ಟೆ ತುಂಬಿದ್ದು ತಿಳಿಯದ ಚಾರ್ಜರ್ ಒಂದು ಕಡೆ, ಒಳ್ಳೆಯ ಮನಸ್ಸಿನ ಅಮ್ಮಂದಿರು ಇನ್ನೊಂದು ಕಡೆ. ಮೇಜುಬಟ್ಟೆ ಸುಟ್ಟದ್ದು ಇಬ್ಬರೂ ಸೇರಿ.

ಮರುದಿನ ಬೂದು ಚಾರ್ಜರ್ ಮನೆಗೆ ಬಂತು. ಅತ್ತೆ ಅದನ್ನು ಬಟ್ಟೆ, ಕಾಗದ ಯಾವುದೂ ಇಲ್ಲದ ಅಡುಗೆಮನೆಯ ಕಲ್ಲುಕಟ್ಟೆಯ ಮೇಲೆ ಇಡಿಸಿದರು. ಮಣೆ ಹಾಕಿಕೊಂಡು ಎದುರಿಗೆ ಕುಳಿತರು.

“ಮೊದಲು ಆ ಬಿಸಾಡೋ ಸೆಲ್ ಹಾಕು.”

“ಅತ್ತೆ, ಹಾಕಬಾರದು.”

“ನೀನು ಬೇಕು ಅಂತ ಹಾಕಲ್ಲ. ಮರೆತು ಹಾಕ್ತೀಯ. ಆಗ ಇದು ಏನು ಮಾಡುತ್ತೆ ಅಂತ ನಾನು ನೋಡಬೇಡವಾ?”

ಚಾರ್ಜರಿನ ಜೊತೆ ಬಂದ ಹಾಳೆಯಲ್ಲಿ, ತಪ್ಪು ಸೆಲ್ ಹಾಕಿದರೆ ದೀಪ ಮಿಟುಕುತ್ತದೆ ಎಂದಿತ್ತು. ಕೈ ಸ್ವಿಚ್ಚಿನ ಮೇಲೇ ಇಟ್ಟುಕೊಂಡು ಆಟಿಕೆ ಅಕ್ಕ ಸೋರದ ಒಂದು ಬಿಸಾಡುವ ಸೆಲ್ ಇಟ್ಟರು. ಕೆಂಪು ದೀಪ ಪಟಪಟ ಮಿಟುಕಿತು. ಕೂಡಲೇ ಆರಿಸಿ ಸೆಲ್ ತೆಗೆದರು.

“ಪರವಾಗಿಲ್ಲ, ಬೇಡ ಅನ್ನೋಕೆ ಬರುತ್ತೆ,” ಎಂದರು ಅತ್ತೆ. “ನಿನಗಿಂತ ವಾಸಿ.”

ಆಮೇಲೆ ಲೈಬ್ರರಿಯ ಸೆಲ್‌ಗಳನ್ನು ಇಟ್ಟರು. ಅತ್ತೆ ಆಗಾಗ ಅಂಗೈ ತಿರುಗಿಸಿ, ಇಸ್ತ್ರಿಪೆಟ್ಟಿಗೆ ನೋಡುತ್ತಿದ್ದಂತೆ, ಕೈಯ ಹಿಂಬದಿಯನ್ನು ಚಾರ್ಜರಿನ ಹತ್ತಿರ ಹಿಡಿದರು. ಬೆಚ್ಚಗಿತ್ತು, ಅದಕ್ಕಿಂತ ಹೆಚ್ಚಾಗಲಿಲ್ಲ. ಮೂರನೆಯ ದೀಪ ಮೊದಲು ಹಸಿರಾಯಿತು. ಬಹಳ ಹೊತ್ತಿನ ಮೇಲೆ ಮೊದಲನೆಯದು. ಊಟದ ಹೊತ್ತಾದರೂ ಅತ್ತೆ ಏಳಲಿಲ್ಲ.

“ಅತ್ತೆ, ಊಟ ಆರುತ್ತೆ.”

“ಇರು, ಈ ಕೊನೇದು ಯಾಕಿಷ್ಟು ಹೊತ್ತು ತಗೊಳ್ತಿದೆ? ಯಾವ ಆಟಿಕೇಲಿತ್ತು ಇದು?”

“ಕರಡೀದು.”

“ಅದಕ್ಕೇ. ದಿನವಿಡೀ ಡೋಲು ಬಾರಿಸಿದ್ರೆ ಹಸಿವಾಗದೇ ಇರುತ್ತಾ?”

ಕೊನೆಯ ದೀಪವೂ ಹಸಿರಾದ ಮೇಲೆ ಅತ್ತೆ ತಾವೇ ಸ್ವಿಚ್ ಆರಿಸಿ ತೀರ್ಪು ಕೊಟ್ಟರು. ಇಬ್ಬರಲ್ಲಿ ಒಬ್ಬರು ಎಚ್ಚರವಾಗಿ ಮನೆಯಲ್ಲಿದ್ದಾಗ ಮಾತ್ರ ಚಾರ್ಜ್. ಜಾಗ ಕಲ್ಲುಕಟ್ಟೆಯೇ. ಲೈಬ್ರರಿಯ ಸೆಲ್‌ಗಳಿಗೆ ಉಗುರುಬಣ್ಣದ ಗುರುತು. ಗುರುತಿಲ್ಲದ್ದು ಅಡುಗೆಮನೆಯ ಹೊಸಿಲು ದಾಟಬಾರದು. ಅದನ್ನು ನೋಡಿಕೊಳ್ಳುವ ಕೆಲಸ ಸೊಸೆಗೆ ಸಿಗಲಿಲ್ಲ.

ಶನಿವಾರ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅತ್ತೆಯೇ ಕುಳಿತಿದ್ದರು. ಬಂದ ಪ್ರತಿ ಆಟಿಕೆಯನ್ನೂ ಮಗುಚಿ, ಹೊಟ್ಟೆ ಬಿಚ್ಚಿ, ಗುರುತು ನೋಡಿ ಒಳಗೆ ಬಿಟ್ಟರು. ನರ್ಸಮ್ಮನ ಸರದಿ ಬಂತು.

“ಏನಮ್ಮಾ, ಹೊಸ ಸೆಲ್ ಹಾಕಿ ತಂದಿದೀಯಾ?”

“ಇಲ್ಲ ಅಮ್ಮಾ, ಒಂದು ಚೂರೂ ಓಡದ ಹಾಗೆ, ಪೂರ್ತಿ ಖಾಲಿ ಮಾಡಿ ತಂದಿದೀನಿ.”

“ಜಾಣೆ,” ಎಂದು ಅತ್ತೆ ಕಾರಿನ ಹೊಟ್ಟೆಗೆ ಸ್ಕ್ರೂಡ್ರೈವರ್ ಹಾಕಿದರು.