ವೆಳ್ಳಿ ಹಾಕಿದರೆ ಸರಿಹೋಗುವ ಗಾಜು

ನಗಬೇಡ ಕಂದಾ, ಪೂರ್ತಿ ಕೇಳು. ಸ್ವೆಟರ್ ಹಾಕಿಕೊಂಡವರನ್ನು ಜನ ನಿಂತು ನೋಡುವ ಈ ಊರಿನಲ್ಲಿ, ನಮ್ಮ ತಿರುಮಲ ಗಾಜಿನ ಮಂಜು ಕರಗಿಸಲು ಒಂದು ವಾರ ತಪಸ್ಸು ಮಾಡಿದ. ಬ್ಯಾಂಕಿನಿಂದ ರಿಟೈರಾಗಿ ವೇಲಚೇರಿಯ ನಮ್ಮ ಫ್ಲಾಟುಗಳಲ್ಲೇ ಇದ್ದಾನಲ್ಲ, ಅವನೇ. ಅವನ ಕಾರಿಗೆ ಹದಿನೆಂಟು ವರ್ಷ. ಹಿಂದಿನ ಗಾಜಿನ ಒಳಮೈಗೆ ಹನ್ನೆರಡು ಸಣ್ಣ ಗೆರೆ. ಸ್ವಿಚ್ ಒತ್ತಿದರೆ ಬಿಸಿಯಾಗಿ, ಮಳೆಗಾಲದಲ್ಲಿ ಕಟ್ಟುವ ಹಬೆಯನ್ನು ಓಡಿಸುತ್ತವೆ. ತಿರುಮಲ ಅದನ್ನು ಡಿಸೈನು ಅಂದುಕೊಂಡಿದ್ದ. ಹಳೇ ಸ್ಟಿಕ್ಕರೊಂದನ್ನು ಶೇವಿಂಗ್ ಬ್ಲೇಡಿನಿಂದ ಕೆರೆದ. ಸ್ಟಿಕ್ಕರ್ ಅರ್ಧ ಹೋಯಿತು, ಗೆರೆ ನಾಲ್ಕು ಹೋದವು.

ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಗಾಜು ಮಸುಕಾಗಿ, ರಿವರ್ಸ್ ತೆಗೆಯುವಾಗ ಮೋಟಾರ್ ರೂಮಿನ ಗೋಡೆಗೆ ಹೋಗಿ ನಮಸ್ಕಾರ ಮಾಡಿದ. ಮಗಳು ಮಾನ್ಯಾ ಅಂದೇ ತೀರ್ಪು ಕೊಟ್ಟಳು.

“ಪೋದುಂಪ್ಪಾ, ಸಾಕು! ಸಂಡೇ ಒಬ್ಬರು ಕಾರ್ ನೋಡೋಕೆ ಬರ್ತಾರೆ. ಅಷ್ಟ್ರಲ್ಲಿ ಬ್ಯಾಕ್ ಗ್ಲಾಸ್ ಕ್ಲಿಯರ್ ಆಗ್ಲಿಲ್ಲಾಂದ್ರೆ ಅವರಿಗೇ ಕೀ ಕೊಟ್ಟುಬಿಡ್ತೀನಿ.”

ಪಾಪ, ಆ ಕಾರಿನೊಳಗೆ ಮಾತ್ರ ಅವನ ಮಾತಿಗೆ ಎದುರುಮಾತಿಲ್ಲದ್ದು. ಮನೆಯಲ್ಲಂತೂ ಸಾರಿನ ಉಪ್ಪಿನ ವಿಷಯಕ್ಕೂ ಅವನಿಗೆ ಓಟಿಲ್ಲ. ಗಾಬರಿಯಾಗಿ, ಗಿಂಡಿಯ ಮೆಕ್ಯಾನಿಕ್ ಸಾಯಿಗೆ ಫೋನು ಮಾಡಿದ.

“ಕವಲೆಪ್ಪಡಾದೀಂಗ ಸಾರ್, ವೆಳ್ಳಿ ಪೋಟ್ಟಾ ಸರಿಯಾಯಿಡುಂ,” ಅಂದ ಸಾಯಿ. ಚಿಂತೆ ಬೇಡ, ವೆಳ್ಳಿ ಹಾಕಿದರೆ ಸರಿಹೋಗುತ್ತೆ ಅಂತ.

ತಮಿಳಿನಲ್ಲಿ ವೆಳ್ಳಿ ಅಂದರೆ ಶುಕ್ರವಾರವೂ ಹೌದು, ಬೆಳ್ಳಿಯೂ ಹೌದು. ನಾಲ್ಕು ತಲೆಮಾರಿನಿಂದ ಮದ್ರಾಸಿನವರು, ಕನಸು ಬೀಳುವುದೂ ತಮಿಳಿನಲ್ಲೇ ಅಂತ ಕೊಚ್ಚಿಕೊಳ್ಳುವ ಈ ಪಂಡಿತ ಶುಕ್ರವಾರದವರೆಗೆ ಹಾಯಾಗಿ ಕೂತ. ಅಂದು ತಲೆಗೆ ಸ್ನಾನ ಮಾಡಿ, ಕಾರಿಗೆ ಕರ್ಪೂರ ಬೆಳಗಿ, ಹೆಂಡತಿ ಜಯಲಕ್ಷ್ಮೀಯನ್ನೂ ಕೂರಿಸಿಕೊಂಡು ಸಾಯಿಯ ಶೆಡ್ಡಿಗೆ ಹೋದ.

“ವೆಳ್ಳಿ ಎಂಗೇ ಸಾರ್?” ಎಲ್ಲಿ ಅಂತ ಕೇಳಿದ ಸಾಯಿ.

“ಇನ್ನಿಕ್ಕುದಾನೇಪ್ಪಾ ವೆಳ್ಳಿ!” ಇವತ್ತೇ ತಾನೇ ಅಂದ ತಿರುಮಲ.

ಸಾಯಿ ಸ್ಪ್ಯಾನರ್ ಕೆಳಗಿಟ್ಟು ನಕ್ಕ. ಜಯಲಕ್ಷ್ಮೀಗೆ ಮಾತ್ರ ನಗು ಬರಲಿಲ್ಲ. “ರೀ, ನನ್ನ ಬೆಳ್ಳಿ ಪಂಚಪಾತ್ರೆಗೆ ಕೈ ಹಾಕಿದ್ರೋ, ನೋಡಿ!”

ಬೇಕಾಗಿದ್ದದ್ದು ಬೆಳ್ಳಿ ಬೆರೆಸಿದ ಬಣ್ಣದ ಒಂದು ಪುಟ್ಟ ಸೀಸೆ. ಪಕ್ಕದ ಅಂಗಡಿಯಿಂದ ತರಿಸಿದ್ದಾಯಿತು. ಸಾಯಿ ಗಾಜಿಗೆ ಬಾಯಿಯ ಹಬೆ ಊದಿ ಸ್ವಿಚ್ ಒತ್ತಿಸಿದ. ಹಬೆ ಎಲ್ಲೆಲ್ಲಿ ಸರಿಯಲಿಲ್ಲವೋ ಅಲ್ಲೆಲ್ಲ ಗೆರೆ ತುಂಡಾಗಿತ್ತು. ತುಂಡಿನ ಮೇಲೂ ಕೆಳಗೂ ಟೇಪ್ ಅಂಟಿಸಿ, ನಡುವೆ ಕೂದಲೆಳೆಯಷ್ಟು ಬಣ್ಣ ಎಳೆಯಬೇಕು. ಸಾಯಿಯ ಬೆರಳೋ ಒಂದೊಂದೂ ಬಾಳೆಹಣ್ಣು.

“ಕೊಡಪ್ಪ ಇಲ್ಲಿ,” ಅಂದ ತಿರುಮಲ. ದಿನಾ ಪೂಜೆಯಾದ ಮೇಲೆ ಹಣೆಗೆ ಅಂಗಾರದ ನೆಟ್ಟನೆಯ ಕರಿಗೆರೆ ಎಳೆದುಕೊಳ್ಳುವವನು. ಐವತ್ತು ವರ್ಷದಲ್ಲಿ ಒಮ್ಮೆಯೂ ಗೆರೆ ಸೊಟ್ಟಗಾಗಿಲ್ಲ, ಕನ್ನಡಿಯೂ ಬೇಡ. ಬ್ರಶ್ ಹಿಡಿದದ್ದೇ ತಡ, ಕೈ ಅಭ್ಯಾಸದ ಪ್ರಕಾರ ಮೇಲಕ್ಕೆ ಹೋಯಿತು.

“ಸಾರ್! ಅದು ಕಣ್ಣಾಡಿ, ಉಂಗ ನೆತ್ತಿ ಇಲ್ಲೆ!” ಅದು ಗಾಜು, ನಿಮ್ಮ ಹಣೆಯಲ್ಲ ಅಂತ ಸಾಯಿ ಕೂಗಿದ.

“ಅಡ್ಡಕ್ಕೆ ಎಳೀರಿ. ಅದೂ ನಾನೇ ಹೇಳ್ಬೇಕಾ?” ಜಯಲಕ್ಷ್ಮೀಯ ಒಗ್ಗರಣೆ.

ಅಡ್ಡಕ್ಕೆ ಓಡುವ ಕೈಯಲ್ಲ ಅದು. ಒಂದು ನಿಮಿಷ ಯೋಚಿಸಿದ. ಆಮೇಲೆ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ತಲೆಯನ್ನು ಪೂರ್ತಿ ಭುಜಕ್ಕೊರಗಿಸಿದ. ಅಡ್ಡಗೆರೆಯೆಲ್ಲ ಅವನ ಕಣ್ಣಿಗೆ ನೆಟ್ಟಗೆ ನಿಂತವು. ಉಸಿರು ಬಿಗಿಹಿಡಿದು ನಾಲ್ಕೂ ಅಂಗಾರ ಎಳೆದ. ಕತ್ತು ಮಾತ್ರ ಮರುದಿನದವರೆಗೂ ಹಾಗೇ ಇತ್ತು. ಬೀದಿಯವರೆಲ್ಲ ಇವನೇನೋ ಕದ್ದು ಕೇಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡರು.

ಶನಿವಾರವೆಲ್ಲ ಒಣಗಿತು. ಭಾನುವಾರ ಮಳೆ, ಜೊತೆಗೆ ಕಾರು ನೋಡಲು ಬಂದವರು. ಮಾನ್ಯಾ ಕೊಡೆ ಹಿಡಿದು ಹಿಂದೆ ನಿಂತಳು. ತಿರುಮಲ ಸ್ವಿಚ್ ಒತ್ತಿ ಕಣ್ಣು ಮುಚ್ಚಿಕೊಂಡ. ಒಂದೊಂದೇ ಗೆರೆ ಹಬೆ ಸೀಳಿತು. ಹನ್ನೆರಡೂ ಮುಗಿದಾಗ ಗಾಜಿನಲ್ಲಿ ಮಗಳ ಮುಖ ಪೂರ್ತಿ ಕಂಡಿತು, ಹಲ್ಲು ಕಚ್ಚಿಕೊಂಡದ್ದೂ ಸೇರಿ.

“ಸಾರಿ ಅಂಕಲ್, ಕಾರ್ ಕೊಡೋದಿಲ್ಲ,” ಅಂತ ಬಂದವರಿಗೆ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಅಪ್ಪನ ಕೈಗೆ ಕೀ ಇಟ್ಟಳು. “ಸರಿಪ್ಪಾ. ಆದ್ರೆ ಮೆಲ್ಲಗೆ ಓಡ್ಸು.”

ಅವನಿಗೆ ಈಗ ಹಿಡಿಯಲಾರದ ಉತ್ಸಾಹ. ನಾಳೆ ಹತ್ತು ಗಂಟೆಗೆ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತಾನಂತೆ. ಹಿಂದಿನ ಗಾಜೇನೋ ಸರಿ, ನನಗೆ ಭಯವಿರುವುದು ಮುಂದಿನದ್ದರ ಬಗ್ಗೆ. ನೀನು ಹೇಗೂ ಕೆಳಗೆ ಹೋಗುತ್ತೀಯಲ್ಲ, ಅವನು ಬರುವ ಮೊದಲೇ ನಾನು ಹೊರಟುಬಿಡುವ ಹಾಗೆ ಒಂಬತ್ತೂವರೆಗೆ ಒಂದು ಆಟೋ ಹೇಳಿ ಬಾ. ಹಿಂದಿನ ಗೇಟಿಗೆ ಮಾತ್ರ ಬೇಡ ಕಂದಾ, ಅವನಿಗೀಗ ಹಿಂದಿನದೆಲ್ಲ ಚೆನ್ನಾಗಿ ಕಾಣುತ್ತದೆ.