ದೇಹದ್ದೋ, ಮಾತ್ರೆಯದ್ದೋ?

ಇವತ್ತು ಬೆಳಗಿನಿಂದ ಮಾಡಿದ ಕೆಲಸಗಳು ಇವು. ನೀರಿನ ಲಾರಿಯ ಹಾರ್ನ್ ಕೇಳಿ ಕೆಳಗೆ ಓಡಿ ಬಳಕೆಯ ನೀರಿಗೆ ಬಕೆಟ್ ಹಿಡಿದೆ (ಕುಡಿಯುವ ನೀರನ್ನು ಇವರು ಹಿಡಿದರು). ಮಗಳ ಯೂನಿಫಾರಂ ಇಸ್ತ್ರಿಗೆ ಕೊಟ್ಟೆ. ಟೆಲಿಫೋನ್ ಬಿಲ್ ಕಟ್ಟಿ ಬಂದೆ. ದಿಂಬಿನ ಕವರಿಗೆ ಗುಂಡಿ ಹೊಲಿದೆ. ಹಳೆಯ ವಾರಪತ್ರಿಕೆಗಳನ್ನು ರದ್ದಿಗೆ ಕಟ್ಟುತ್ತ ಅರ್ಧದಷ್ಟನ್ನು ಓದಿಯೇಬಿಟ್ಟೆ. ಮಧ್ಯಾಹ್ನ ನಿದ್ದೆ ಮಾಡಿದೆ. (ಮಧ್ಯಾಹ್ನ! ನಿದ್ದೆ!)

ಮಾಡದೇ ಇದ್ದದ್ದು ಒಂದೇ. ಅಡುಗೆ.

ಯಾಕೆಂದರೆ ನಾನು ಇವತ್ತು ಹೊರಗಾಗಿದ್ದೇನೆ. ಅಥವಾ ಆಗಿಲ್ಲ. ನಲವತ್ತು ದಾಟಿದ ಹೆಂಗಸಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗುವುದಿಲ್ಲ. ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಅತ್ತೆ ಮಡಿಯವರು. ಹುಟ್ಟಿದ್ದು ಬೆಳೆದದ್ದು ಇದೇ ಮದರಾಸಿನಲ್ಲಿ, ಆದರೆ ಅಡುಗೆಮನೆಯ ಕಾನೂನೆಲ್ಲ ಅವರ ಅಜ್ಜಿಯ ಕಾಲದ್ದು. ಮನೆಯ ಹೆಂಗಸು ಹೊರಗಾದರೆ ಮೂರು ದಿನ ಒಲೆ ಮುಟ್ಟುವ ಹಾಗಿಲ್ಲ, ದೇವರ ಮನೆ ಕಡೆ ಸುಳಿಯುವ ಹಾಗಿಲ್ಲ, ಉಪ್ಪಿನಕಾಯಿ ಭರಣಿಯನ್ನಂತೂ ದೂರದಿಂದಲೇ ನೋಡಬೇಕು. ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ‘ಹೊರಗೆ’ ಎಂದರೆ ಎಲ್ಲಿ? ಬಾಗಿಲು ತೆಗೆದರೆ ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡ್. ಹಾಗಾಗಿ ನಮ್ಮಲ್ಲಿ ಹೊರಗೆ ಎಂದರೆ ಬಾಲ್ಕನಿಯ ಪಕ್ಕದ ಚಿಕ್ಕ ರೂಮು. ಒಂದು ಚಾಪೆ, ಒಂದು ದಿಂಬು, ಒಂದು ಕಿಟಕಿ.

ಇದು ಸರಿಯೇ ಎಂದು ಕೇಳಿ ನನಗೆ ಪತ್ರ ಬರೆಯಬೇಡಿ. ಮದುವೆಯಾದ ಹೊಸತರಲ್ಲಿ ನಾನೂ ಮುಖ ಊದಿಸಿಕೊಂಡಿದ್ದೇನೆ, ಅತ್ತಿದ್ದೇನೆ. ಆಮೇಲೆ ಯಾವಾಗಲೋ ಒಂದು ವಿಷಯ ಹೊಳೆಯಿತು. ಆ ಮೂರು ದಿನ ‘ಕಾಫಿ ಆಯ್ತಾ?’ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಇವರೇ ಎದ್ದು ಒಲೆ ಹಚ್ಚುತ್ತಾರೆ. ನೀವು ಇಷ್ಟು ವರ್ಷ ಓದಿದ ಈ ಅಂಕಣದ ಬಹುಪಾಲನ್ನು ನಾನು ಬರೆದದ್ದು ಆ ಚಾಪೆಯ ಮೇಲೆ ಕೂತು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಮಗಳು ಹುಟ್ಟಿದ ಕೆಲವು ವರ್ಷಗಳ ಮೇಲೆ ನಾನು ಮಾತ್ರೆ ಶುರುಮಾಡಿದ್ದೆ. (ಆಪರೇಷನ್ ಯಾಕೆ ಮಾಡಿಸಿಕೊಳ್ಳಲಿಲ್ಲ ಎಂದರೆ, ಇವರೂ ಹೆದರಿದರು, ನಾನೂ ಹೆದರಿದೆ.) ಆ ಮಾತ್ರೆ ಬಹಳ ಶಿಸ್ತಿನದು. ಮೂರು ವಾರ ನುಂಗು, ಒಂದು ವಾರ ಬಿಡು. ಬಿಟ್ಟ ವಾರದಲ್ಲಿ ಅದೂ ಹೇಳಿದ ದಿನಕ್ಕೆ ಬರುತ್ತಿತ್ತು. ಅತ್ತೆ ಕ್ಯಾಲೆಂಡರ್ ನೋಡಿಕೊಂಡು ಹಿಂದಿನ ದಿನವೇ ಹುಳಿಪುಡಿ ಮಾಡಿಸಿಡುತ್ತಿದ್ದರು.

ಆಮೇಲೆ ತಲೆನೋವು ಬಂತು. ಕಣ್ಣ ಮುಂದೆ ಮಿಂಚಿನ ಗೆರೆಗಳು ಓಡಾಡುವ ಥರದ್ದು. ಬಿಪಿಯೂ ಏರಿತ್ತು. ಲೇಡಿ ಡಾಕ್ಟರು ನನ್ನ ಹಳೆಯ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿದರು. ಅದರಲ್ಲಿ ಎರಡು ಹಾರ್ಮೋನ್ ಇದೆಯಂತೆ, ಅದರಲ್ಲೊಂದು ಇನ್ನು ಮುಂದೆ ನನಗೆ ಆಗುವುದಿಲ್ಲವಂತೆ. ಒಂದೇ ಹಾರ್ಮೋನಿನ ಹೊಸ ಮಾತ್ರೆ ಬರೆದುಕೊಟ್ಟರು. ದಿನಾ ಒಂದೇ ಹೊತ್ತಿಗೆ ನುಂಗಬೇಕು. ನಡುವೆ ಬಿಡುವು ಇಲ್ಲ. ಒಂದು ಹಾಳೆ ಮುಗಿದ ಮರುದಿನವೇ ಇನ್ನೊಂದು.

“ಹಾಗಾದ್ರೆ ಅದು ಯಾವಾಗ ಬರುತ್ತೆ ಡಾಕ್ಟರ್?” ಎಂದೆ.

“ಬರಬಹುದು, ಬರದೇನೂ ಇರಬಹುದು. ಸ್ವಲ್ಪ ಸ್ವಲ್ಪ ಕಾಣಿಸ್ಕೋಬಹುದು. ಡೋಂಟ್ ವರಿ.”

ಅವರಿಗೇನು, ಡೋಂಟ್ ವರಿ. ಅವರ ಮನೆಯಲ್ಲಿ ನಮ್ಮತ್ತೆ ಇದ್ದಾರೆಯೇ?

ಹೊಸ ಮಾತ್ರೆಯ ಎರಡನೇ ವಾರದ ಒಂದು ಸೋಮವಾರ ಬೆಳಿಗ್ಗೆ ಒಂದು ಚುಕ್ಕೆ ಕಂಡಿತು. ಚುಕ್ಕೆ ಎಂದರೆ ಚುಕ್ಕೆಯೇ, ರಂಗೋಲಿಗೂ ಸಾಲದು. ಅಭ್ಯಾಸಬಲ, ಅತ್ತೆಗೆ ಹೇಳಿದೆ. ಚಾಪೆ ಬಂತು. ಮೂರು ದಿನ ಕೂತೆ. ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒಳಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ. ಶನಿವಾರ ಇನ್ನೊಂದು ಚುಕ್ಕೆ.

ಮತ್ತೆ ಚಾಪೆ. ಅದಾಗಿ ಒಂದು ವಾರಕ್ಕೆ ಇನ್ನೊಮ್ಮೆ.

ಇವರು ಉಪ್ಪಿಟ್ಟು ಕೆದಕುತ್ತಲೇ ಬಾಗಿಲಿಗೆ ಬಂದರು. “ಅಲ್ವೇ, ಇದು ಹೀಗೇ ಇನ್ನು? ಆಫೀಸಿನಲ್ಲಿ ನನ್ನ ಶರಟಿನಲ್ಲಿ ಇಂಗಿನ ವಾಸನೆ ಬರುತ್ತೆ ಅಂತಾರೆ.”

“ನನ್ನ ಶರಟಿನಲ್ಲಿ ಇಪ್ಪತ್ತು ವರ್ಷದಿಂದ ಬರ್ತಿದೆ,” ಎಂದೆ.

“ನೀನು ಶರಟು ಹಾಕಲ್ಲ.”

ಮಗಳಿಗೆ ಇದೆಲ್ಲ ನಗು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು ಅವಳು. “ಅಮ್ಮಾ, ಯಾರ್ ಚೆಕ್ ಪಣ್ಣ ಪೋರಾ?” ಎಂದಳು. ಯಾರು ಚೆಕ್ ಮಾಡಲು ಬರುತ್ತಾರೆ, ಹೇಳಬೇಡ, ಆಯಿತಲ್ಲ. ಅವಳ ವಯಸ್ಸಿಗೆ ಅದು ಅಷ್ಟು ಸುಲಭ. ಆದರೆ ಹೇಳದೆ ಒಲೆ ಮುಂದೆ ನಿಲ್ಲಲು ನನಗೇ ಆಗುವುದಿಲ್ಲ. ನಂಬಿಕೆಯೋ, ಅಭ್ಯಾಸವೋ? ಅದೂ ಗೊತ್ತಿಲ್ಲ.

ಹೀಗಿರುವಾಗ ಮಾವನವರ ಶ್ರಾದ್ಧ ಹತ್ತಿರ ಬಂತು. ಅತ್ತೆಯ ಮಂಡಿ ಕೆಟ್ಟಿದೆ, ಒಲೆ ಮುಂದೆ ನಿಲ್ಲಲಾರರು. ಅಡುಗೆಯವರನ್ನು ಕರೆಸೋಣ ಎಂದರೆ ಅವರ ಕಣ್ಣು ತುಂಬುತ್ತದೆ. ಮಾವನವರಿಗೆ ಹೊರಗಿನವರ ಕೈ ಅಡುಗೆ ಬದುಕಿದ್ದಾಗಲೂ ಸೇರುತ್ತಿರಲಿಲ್ಲ. ವರ್ಷಕ್ಕೊಂದು ದಿನ ಅವರಿಗೆ ಬಡಿಸುವ ಊಟ ಮನೆಯ ಸೊಸೆಯ ಕೈಯದಾಗಬೇಕು. ಸೊಸೆ ಎಂದರೆ ನಾನೊಬ್ಬಳೇ.

ಹಿಂದಿನ ದಿನ ಬೆಳಿಗ್ಗೆ, ಬಾಳೆಕಾಯಿ, ಹಾಗಲಕಾಯಿ ಎಲ್ಲ ತಂದು ಹರಡಿಕೊಂಡಿರುವಾಗ, ಚುಕ್ಕೆ.

ಏನು ಮಾಡುತ್ತಿದ್ದಿರಿ ನೀವಾಗಿದ್ದರೆ? ನಾನು ಬಚ್ಚಲಿನಲ್ಲಿ ಸುಮಾರು ಹೊತ್ತು ನಿಂತಿದ್ದೆ. ಆಮೇಲೆ ಹೋಗಿ ಹೇಳಿಬಿಟ್ಟೆ. ಚುಕ್ಕೆಯ ವಿಷಯವಷ್ಟೇ ಅಲ್ಲ, ಮಾತ್ರೆಯ ವಿಷಯವನ್ನೂ. ಡಾಕ್ಟರು ಇದು ನಿಜವಾದ ಮುಟ್ಟಲ್ಲ, ಮಾತ್ರೆಯ ಪ್ರಭಾವ ಅಂದಿದ್ದಾರೆ ಎಂದೆ. ನಾನು ನುಂಗುವುದೆಲ್ಲ ತಲೆನೋವಿನ ಮಾತ್ರೆ ಎಂದು ಅತ್ತೆ ನಂಬಿದ್ದಾರೆ ಎಂಬುದು ಅದುವರೆಗೆ ನನ್ನ ಲೆಕ್ಕ.

ಅತ್ತೆ ಹಾಗಲಕಾಯಿಯ ಮೇಲಿಂದ ಕಣ್ಣೆತ್ತಲಿಲ್ಲ. “ಹನ್ನೆರಡು ವರ್ಷ ಯಾರಾದ್ರೂ ತಲೆನೋವಿಗೆ ಮಾತ್ರೆ ತಗೋತಾರೇನೇ? ನಾನೇನು ಅಷ್ಟು ಅಸಡಾ?” ಎಂದರು. ದಡ್ಡಿ ಅನ್ನುವುದಕ್ಕೆ ನಮ್ಮತ್ತೆ ತಮಿಳಿನ ಈ ಮಾತನ್ನೇ ಬಳಸುವುದು. ಆಮೇಲೆ, “ಫೋನ್ ಕೊಡು, ಆಚಾರ್ರನ್ನ ಕೇಳ್ತೀನಿ,” ಎಂದರು.

ಆಚಾರ್ರು ಎಂದರೆ ನಮ್ಮ ಮನೆಯ ಪುರೋಹಿತರು, ಕನ್ನಡದವರೇ. ಅತ್ತೆಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಫೋನಿನಲ್ಲಿ ಜೋರಾಗಿ ಮಾತಾಡುತ್ತಾರೆ. ಎದುರು ಮನೆಯವರು ಬಾಗಿಲು ತೆಗೆದದ್ದು ನನಗೆ ಕೇಳಿಸಿತು.

“ಆಚಾರ್ರೇ, ಒಂದು ಸಂಶಯ. ಮಾತ್ರೆ ತಗೊಂಡು ಒಂದು ಚುಕ್ಕೆ ಕಂಡ್ರೆ, ಅದು ದೇಹದ್ದೋ, ಮಾತ್ರೆಯದ್ದೋ?”

ಅತ್ತೆ ಅಲ್ಲಿಗೇ ಬಿಡಲಿಲ್ಲ.

“ದೇಹದ್ದಾದ್ರೆ ಮೈಲಿಗೆ, ಒಪ್ಪಿದೆ. ಮಾತ್ರೆಯದ್ದಾದ್ರೆ ಮೈಲಿಗೆ ಯಾರಿಗೆ? ಮಾತ್ರೆಗಾ?”

ನನಗೆ ನಾಚಿಕೆಯಲ್ಲಿ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಒಪ್ಪಿಕೊಳ್ಳುತ್ತೇನೆ, ಪ್ರಶ್ನೆ ಚೆನ್ನಾಗಿತ್ತು. ಡಾಕ್ಟರನ್ನು ನಾನೇ ಇಷ್ಟು ಚೆನ್ನಾಗಿ ಕೇಳಿರಲಿಲ್ಲ.

ಆಚಾರ್ರು ಕೆಮ್ಮಿ, “ಇರಿ, ಮನೆಯವರಿಗೆ ಕೊಡ್ತೀನಿ,” ಎಂದು ರಿಸೀವರನ್ನು ಹೆಂಡತಿಗೆ ದಾಟಿಸಿದರು. ಆಕೆ ಸುಮಾರು ನನ್ನ ವಯಸ್ಸಿನವರು. ಅತ್ತೆಯ ಮಾತೆಲ್ಲ ಕೇಳಿಸಿಕೊಂಡು ತಣ್ಣಗೆ ತೀರ್ಪು ಕೊಟ್ಟರು. ಒಂದು ಸಲ ಆಗಿ ಕೆಲವೇ ದಿನಗಳಲ್ಲಿ ಮತ್ತೆ ಕಂಡರೆ ತಲೆಗೆ ಸ್ನಾನ ಸಾಕು ಎಂದು ಅವರತ್ತೆ ಹೇಳುತ್ತಿದ್ದರಂತೆ. ಅಡುಗೆ ಮಾಡಬಹುದು. ಅತ್ತೆಯ ಮುಖ ಅರಳಿತು. “ಸೀಕ್ರಂ ಸ್ನಾನಕ್ಕೆ ಹೋಗು,” ಎಂದು ನನ್ನನ್ನು ಅವಸರಪಡಿಸಿದರು.

ಸೋಮವಾರದ ಚುಕ್ಕೆಗೆ ಮೂರು ದಿನ. ಶನಿವಾರದ್ದಕ್ಕೂ ಮೂರು ದಿನ. ಶ್ರಾದ್ಧದ ಚುಕ್ಕೆಗೆ ಎರಡು ಚೊಂಬು ನೀರು. ಇರಲಿ.

ಫೋನ್ ಇಡುವ ಮೊದಲು ಆಕೆ ನನ್ನನ್ನು ಕರೆದರು. ಅತ್ತೆ ದೇವರ ಮನೆಗೆ ಹೋಗಿದ್ದರು.

“ರೀ, ನೀವು ತಗೋತಿರೋದು ಯಾವ ಮಾತ್ರೆ?” ದನಿ ಪಿಸುಪಿಸು. ಹೇಳಿದೆ.

“ನನಗೂ ಅದೇ ಕೊಟ್ಟಿದಾರೆ ರೀ. ಬಿಪಿ. ನಿಮಗೆ ಚುಕ್ಕೆಯಾದ್ರೂ ಇದೆ. ನನಗೆ ಬರೋದೇ ನಿಂತುಹೋಗಿದೆ. ಮೊದಲು ಹೆದರಿ ಟೆಸ್ಟ್ ಕೂಡ ಮಾಡಿಸಿದೆ, ಏನೂ ಇಲ್ಲ. ಡಾಕ್ಟರು ಒಳ್ಳೇದೇ ಆಯ್ತಲ್ಲಮ್ಮ ಅಂತಾರೆ.”

“ಒಳ್ಳೇದೇ ಅಲ್ವಾ?”

“ಏನು ಒಳ್ಳೇದು? ಈ ಮನೇಲಿ ದಿನಾ ಮಡಿ ಅಡುಗೆ. ಬಂದು ಹೋಗೋರಿಗೆ ಲೆಕ್ಕ ಇಲ್ಲ. ಇದ್ದದ್ದೇ ಆ ಮೂರು ದಿನ. ಅದಕ್ಕೇ ನಾನು ಕೂತ್ಕೋತೀನಿ.”

“ಅಂದ್ರೆ?”

“ಹಳೇ ತಾರೀಖಿಗೆ ಸರಿಯಾಗಿ ಕೂತ್ಕೋತೀನಿ ರೀ. ಬರ್ಲಿ, ಬಿಡ್ಲಿ. ಇವರೇ ಅನ್ನ ಸಾರು ಮಾಡ್ತಾರೆ. ತಪ್ಪಾ?”

ಪುರೋಹಿತರ ಮನೆಯಿಂದ ನನಗೆ ಬಂದ ಧರ್ಮಸಂದೇಹ! “ಗೊತ್ತಿಲ್ಲ ರೀ,” ಎಂದೆ. ಸತ್ಯವನ್ನೇ ಹೇಳಿದೆ.

(ಇದನ್ನು ಬರೆಯಲೇ ಎಂದು ಆಮೇಲೆ ಆಕೆಯನ್ನು ಕೇಳಿದೆ. “ಬರೀರಿ, ಹೆಸರು ಹಾಕ್ಬೇಡಿ. ಇವರು ಓದೋದು ಇಂಗ್ಲಿಷ್ ಪೇಪರ್ ಮಾತ್ರ,” ಎಂದರು.)

ಶ್ರಾದ್ಧ ಚೆನ್ನಾಗಿ ನಡೆಯಿತು. ವಡೆ ಹದವಾಗಿತ್ತು. ಊಟಕ್ಕೆ ಕೂತವರು ಪರಮಾನ್ನವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಅತ್ತೆ ಫೋಟೋದ ಮುಂದೆ ನಿಂತು ಏನೋ ಹೇಳಿಕೊಂಡರು.

ಅದಾದ ಮೇಲೆ ನನ್ನ ಚುಕ್ಕೆಗಳೂ ನಿಂತವು. ಪೂರ್ತಿ. ಈಗ ಹತ್ತಿ ಬೇಕಿಲ್ಲ, ಬಟ್ಟೆ ಬೇಕಿಲ್ಲ, ಸೊಂಟನೋವಿಲ್ಲ, ಕಣ್ಣ ಮುಂದಿನ ಮಿಂಚೂ ಇಲ್ಲ. ಎದುರು ಮನೆಯಾಕೆ (ಫೋನ್ ಮಾತು ಕೇಳಿಸಿಕೊಂಡಿದ್ದವರು) ಲಿಫ್ಟಿನಲ್ಲಿ ಸಿಕ್ಕಿ, ನಾನೂ ಅಂಥದೇ ಮಾತ್ರೆ ತೆಗೆದುಕೊಂಡು ಮುಖದ ತುಂಬ ಮೊಡವೆ ಎದ್ದು ಬಿಟ್ಟುಬಿಟ್ಟೆ, ನೀವು ಅದೃಷ್ಟವಂತರು ಎಂದರು. ಇರಬಹುದು. ಆದರೆ ಒಂದು ತಿಂಗಳು ಹೋಯಿತು, ಇನ್ನೊಂದು ಹೋಯಿತು. ದಿನವೂ ಕಾಫಿ, ದಿನವೂ ಹುಳಿ. ಅಂಕಣ ಎರಡು ಸಲ ತಡವಾಗಿ ಹೋಗಿ ಸಂಪಾದಕರು ಫೋನ್ ಮಾಡಿದರು. ಅವರಿಗೆ ಕಾರಣ ಹೇಗೆ ಹೇಳಲಿ? ‘ಸರ್, ನನಗೆ ಮುಟ್ಟು ನಿಂತಿದೆ, ಹಾಗಾಗಿ ಬರೆಯಲು ಪುರುಸೊತ್ತಿಲ್ಲ’ ಎಂದೇ?

ಇವತ್ತು ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆ ಕೈ ಹಾಕುವಷ್ಟರಲ್ಲಿ ಅತ್ತೆ ಕ್ಯಾಲೆಂಡರಿನ ಮುಂದೆ ನಿಂತಿದ್ದರು. “ಇವತ್ತಿಗಲ್ವೇ ನಿಂದು?”

ನನ್ನ ಕೈ ಪ್ಯಾಕೆಟ್ಟಿನ ಹತ್ತಿರ ನಿಂತಿತು. ಇಲ್ಲ ಅನ್ನಬೇಕಿತ್ತು. “ಹೂಂ,” ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. “ಮತ್ತೆ ಹಾಲ್ಯಾಕೆ ಮುಟ್ಟೋಕೆ ಹೋಗ್ತೀಯ? ಸರಿ, ಕೂತ್ಕೋ. ಮಾತ್ರೆ ಹೇಳಿದ ಹಾಗೇ ಎಲ್ಲ ನಡೆಯೋದಾದ್ರೆ ಈ ಕ್ಯಾಲೆಂಡರ್ ಯಾಕೆ ತೂಗಿಹಾಕಿದೀವಿ?” ಎಂದು ಚಾಪೆ ತಂದು ಹಾಸಿದರು. ತಾವೇ. ಆ ಮಂಡಿ ಇಟ್ಟುಕೊಂಡು.

ಅವರಿಗೆ ಗೊತ್ತಿದೆಯೇ? ಹನ್ನೆರಡು ವರ್ಷದ ತಲೆನೋವಿನ ಮಾತ್ರೆಯನ್ನು ಕಂಡುಹಿಡಿದವರಿಗೆ ಎರಡು ತಿಂಗಳಿಂದ ನಾನು ಮುಟ್ಟಿನ ಬಟ್ಟೆ ಒಣಹಾಕದ್ದು ಕಂಡಿರುವುದಿಲ್ಲವೇ? ನಾನು ಅವರಿಗೆ ಮೋಸ ಮಾಡಿದೆನೋ, ಅವರು ನನಗೆ ಉಪಕಾರ ಮಾಡಿದರೋ? ಬೆಳಗಿನಿಂದ ಯೋಚಿಸುತ್ತಿದ್ದೇನೆ. (ಅತ್ತೆ ಈ ಅಂಕಣವನ್ನು ಪ್ರತಿ ವಾರ ಭೂತಗನ್ನಡಿ ಹಿಡಿದು ಓದುತ್ತಾರೆ. ಹಾಗಾಗಿ ಉತ್ತರ ಸಿಗುವುದು ತಡವಾಗಲಾರದು.)

ರಾತ್ರಿ ಊಟಕ್ಕೆ ಇವರ ಕೈಯ ತೊವ್ವೆ, ಅನ್ನ, ಒಂದು ಕಡೆ ಕರಕಲಾದ ಹಪ್ಪಳ, ಮಜ್ಜಿಗೆ. ತೊವ್ವೆಗೆ ಉಪ್ಪು ಕಡಿಮೆ. ಯಾರೂ ಹೇಳಲಿಲ್ಲ. ಈಗ ಅತ್ತೆ ಸೀರಿಯಲ್ ನೋಡುತ್ತಿದ್ದಾರೆ, ಮಗಳು ಓದುತ್ತಿದ್ದಾಳೆ, ಇವರು ಹಾಲಿಗೆ ಹೆಪ್ಪು ಹಾಕುತ್ತಿದ್ದಾರೆ. ನಾನು ನನ್ನ ಮಾತ್ರೆ ನುಂಗಿ ಆಯಿತು, ದೀಪ ಆರಿಸುವುದೊಂದೇ ಬಾಕಿ. ದಿನಾ ಎಲ್ಲರಿಗಿಂತ ಕಡೆಗೆ ಮಲಗುವವಳು ಇವತ್ತು ಎಲ್ಲರಿಗಿಂತ ಮೊದಲು ಮಲಗುತ್ತಿದ್ದೇನೆ.

ಈ ನಿದ್ದೆಯನ್ನು ನನಗೆ ಕೊಟ್ಟದ್ದು ದೇಹವೋ, ಮಾತ್ರೆಯೋ, ಅತ್ತೆಯೋ?