ಟೈಪಿಂಗ್ ಕ್ಲಾಸಿನ ತಬಲಾ

ಹೊಟ್ಟೆಪಾಡಿಗೆ ನಾನು ಕಲಿಸಿದ್ದು ಟೈಪಿಂಗ್. ಬೇಕೆನಿಸಿ ಕಲಿತದ್ದು ತಬಲಾ. ಒಂದು ಹಗಲಿನದು, ಇನ್ನೊಂದು ಸಂಜೆಯದು, ಒಂದಕ್ಕೊಂದು ಸಂಬಂಧವಿಲ್ಲ ಎಂದುಕೊಂಡೇ ನಾನು ಎರಡನ್ನೂ ಶುರು ಮಾಡಿದ್ದೆ.

ನಮ್ಮದು ಮಾನ್ವಿ ತಾಲೂಕಿನಲ್ಲಿ, ಕುರ್ಡಿಯ ಆಚೆಗಿನ ಒಂದು ಸಣ್ಣ ಊರು. ತಾತ ಊರಿಗೆ ಹಲಗೆ ಬಾರಿಸುತ್ತಿದ್ದರು. ಹೆಣ ಎತ್ತುವಾಗ, ಹಬ್ಬ ಬಂದಾಗ, ಊರಿಗೆ ಏನಾದರೂ ಸಾರಬೇಕಾದಾಗ ಕರೆ ಬರುತ್ತಿತ್ತು. ಊಟಕ್ಕೆ ಕೂತಿದ್ದರೂ ಎದ್ದು ಹೋಗಬೇಕಿತ್ತು, ಮೈ ಸುಡುತ್ತಿದ್ದರೂ ಹೋಗಬೇಕಿತ್ತು. ತಾತ ತೀರಿಕೊಂಡ ಮೇಲೆ ಅಪ್ಪ ಹಲಗೆ ಮುಟ್ಟಲಿಲ್ಲ. ಕರೆಯಲು ಬಂದವರಿಗೆ ತನಗೆ ಬಾರಿಸಲು ಬರುವುದಿಲ್ಲ ಎಂದ. ಅದು ಸುಳ್ಳೆಂದು ಬಂದವರಿಗೂ ಗೊತ್ತಿತ್ತು. ಕೆಲವು ದಿನ ಮುನಿಸಿಕೊಂಡರು, ಆಮೇಲೆ ಬೇರೆ ಊರಿನವರನ್ನು ಕರೆಸಿಕೊಂಡರು. ಅಪ್ಪ ಕಾಲುವೆ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಕಲ್ಲು ಹೊತ್ತು ನಮ್ಮನ್ನು ಸಾಕಿದ. ನಾನು ತಟ್ಟೆಯ ಮೇಲೆ ಬೆರಳಾಡಿಸಿದರೂ ಅವನಿಗೆ ಆಗುತ್ತಿರಲಿಲ್ಲ. ಸುಮ್ಮನೆ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದ.

ಎಪ್ಪತ್ತರ ದಶಕದ ಮೊದಲಿಗೆ ಓದಲೆಂದು ರಾಯಚೂರಿಗೆ ಬಂದು ಹಾಸ್ಟೆಲ್ ಸೇರಿದೆ. ಪಿಯುಸಿ ಜೊತೆಗೆ ಟೈಪಿಂಗ್ ಕಲಿತರೆ ಸರ್ಕಾರಿ ನೌಕರಿ ಸುಲಭ ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ತೀನ್ ಕಂದೀಲ್ ವೃತ್ತದ ಹತ್ತಿರ ಮಹಡಿಯ ಮೇಲಿದ್ದ ಒಂದು ಟೈಪಿಂಗ್ ಕ್ಲಾಸಿಗೆ ಸೇರಿಕೊಂಡೆ. ಅಲ್ಲಿಗೆ ಹೋಗುವ ಓಣಿಯಲ್ಲಿ ತಬಲಾ, ಢೋಲಕ್ ರಿಪೇರಿ ಮಾಡುವ ಒಂದು ಅಂಗಡಿ ಇತ್ತು. ಅಂಗಡಿಯವರು ಹಿಂದೆ ಕವ್ವಾಲಿ ಮೇಳಗಳಲ್ಲಿ ತಬಲಾ ನುಡಿಸಿದವರು. ವಯಸ್ಸಾದ ಮೇಲೆ ಚರ್ಮ ಬಿಗಿದು, ಶ್ರುತಿ ಕೂಡಿಸಿ ಕೊಡುವ ಕೆಲಸಕ್ಕೆ ಕೂತಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನು ದಿನಾ ಅಲ್ಲಿ ನಿಂತು ಕೇಳಿ ಮುಂದೆ ಹೋಗುತ್ತಿದ್ದೆ. ಒಂದು ಸಂಜೆ ಅವರು ಒಳಗೆ ಕರೆದು, ರಿಪೇರಿಗೆ ಬಂದಿದ್ದ ಒಂದು ಜೋಡಿಯನ್ನು ನನ್ನ ಮುಂದೆ ಸರಿಸಿದರು. ನಾನು ಬಾರಿಸಿದ್ದು ತಾತನ ಹಲಗೆಯ ಗತ್ತು. ಅವರು ಯಾರಿಂದ ಕಲಿತೆ ಎಂದು ಕೇಳಿದರು. ಯಾರಿಂದಲೂ ಇಲ್ಲ ಎಂದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ, ನಾಳೆ ಬಾ ಎಂದರು.

ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಮುಚ್ಚಿಡುವ ಧೈರ್ಯ ನನಗಿರಲಿಲ್ಲ. ಅಪ್ಪ ಬೀಡಿ ಸೇದಿ ಮುಗಿಸಿದ. ಅವ್ವ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು.

"ಯಾರರ ಕರದಾರಂತ ಹೋಗಿ ಬಡಿಬ್ಯಾಡ," ಎಂದ ಅಪ್ಪ. "ನಿನಗ ಬೇಕನಿಸಿದ್ರ ಬಡಿ."

ಅದರ ಮೇಲೆ ಅವನು ಆ ವಿಷಯ ಎತ್ತಲಿಲ್ಲ. ನಾನು ಆ ಮಾತನ್ನು ಅಪ್ಪಣೆ ಎಂದೇ ತಿಳಿದುಕೊಂಡೆ.

ಪರೀಕ್ಷೆ ಪಾಸಾಗಿ ನೌಕರಿಗೆ ಅರ್ಜಿ ಹಾಕುತ್ತಿದ್ದಾಗ ಆ ಕ್ಲಾಸಿನಲ್ಲಿ ಕಲಿಸುತ್ತಿದ್ದವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಮಾಲೀಕರು ಸ್ವಲ್ಪ ದಿನ ನೀನೇ ನೋಡಿಕೋ ಎಂದರು. ಆ ಸ್ವಲ್ಪ ದಿನ ಹತ್ತು ವರ್ಷ ದಾಟಿತು. ಅಷ್ಟರಲ್ಲಿ ಶಕ್ತಿನಗರದಲ್ಲಿ ಕರೆಂಟಿನ ದೊಡ್ಡ ಕಾರ್ಖಾನೆಯ ಕೆಲಸ ಶುರುವಾಗಿತ್ತು. ಅಲ್ಲಿ ಗುಮಾಸ್ತರು ಬೇಕಂತೆ, ಟೈಪಿಸ್ಟರು ಬೇಕಂತೆ ಎಂಬ ಸುದ್ದಿ ಹಬ್ಬಿ, ಚಂದ್ರಬಂಡದಿಂದ, ಮಾನ್ವಿಯಿಂದ, ದೇವದುರ್ಗದಿಂದ ಹುಡುಗ ಹುಡುಗಿಯರು ಬಂದು ಸೇರತೊಡಗಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಿಷನ್‌ಗಳು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದವು.

ಕಲಿಯುವವರೆಲ್ಲರದೂ ಒಂದೇ ತೊಂದರೆ. ಗೊತ್ತಿರುವ ಅಕ್ಷರ ಬಂದರೆ ಓಡುವುದು, ಗೊತ್ತಿಲ್ಲದ್ದು ಬಂದರೆ ತಡಕಾಡುವುದು. ತೋರುಬೆರಳು ಜೋರು, ಕಿರುಬೆರಳು ಮೆತ್ತಗೆ. ಹಾಳೆಯ ಮೇಲೆ ಒಂದು ಅಕ್ಷರ ಕಪ್ಪಗೆ, ಒಂದು ಅಕ್ಷರ ಕಂಡೂ ಕಾಣದಂತೆ ಮೂಡುತ್ತಿತ್ತು. ಕನ್ನಡದ ಮಿಷನ್ನಿನಲ್ಲಿ ಇನ್ನೊಂದು ತೊಡಕಿತ್ತು. ಕೆಲವು ಗುರುತುಗಳನ್ನು ಒತ್ತಿದರೆ ಕಾಗದ ಮುಂದೆ ಸರಿಯುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಅಲ್ಲಿ ಎಲ್ಲರೂ ಮುಗ್ಗರಿಸುತ್ತಿದ್ದರು. ಹಿಂದಿನ ಮೇಷ್ಟ್ರು ಸ್ಪೀಡು ಸ್ಪೀಡು ಎಂದು ಗದರುತ್ತಿದ್ದರು. ನಾನೂ ಮೊದಲು ಹಾಗೇ ಮಾಡಿದೆ. ಪ್ರಯೋಜನವಾಗಲಿಲ್ಲ.

ಉಸ್ತಾದರು ನನಗೆ ಧಾ, ಧಿನ್ ಎಂಬ ಯಾವ ಬೋಲನ್ನೂ ಬಾಯಲ್ಲಿ ಹೇಳಿಸದೆ ಕೈಯಲ್ಲಿ ನುಡಿಸಗೊಡುತ್ತಿರಲಿಲ್ಲ. ಬಾಯಿಗೆ ಬಾರದ್ದು ಬೆರಳಿಗೆ ಬರುವುದಿಲ್ಲ ಎನ್ನುತ್ತಿದ್ದರು. ಬೇಗ ನುಡಿಸಿದರೆ ನಿಲ್ಲಿಸಿ, ಎರಡು ಬಡಿತದ ನಡುವೆ ಉಸಿರು ಎಳೆದು ಬಿಡುವಷ್ಟು ನಿಧಾನ ಮಾಡಿಸುತ್ತಿದ್ದರು. ಒಂದು ದಿನ ಕ್ಲಾಸಿನಲ್ಲಿ, ಹೆಚ್ಚು ಯೋಚಿಸದೆ, ಎಲ್ಲರಿಗೂ ಮಿಷನ್ನಿನಿಂದ ಕೈ ತೆಗೆಯಿರಿ ಎಂದೆ. ಪಾಠದ ಸಾಲನ್ನು ಅಕ್ಷರ ಅಕ್ಷರವಾಗಿ ಬಾಯಲ್ಲಿ ಹೇಳಿಸಿದೆ. ಡಸ್ಟರಿನ ಹಿಂಬದಿಯಿಂದ ಮೇಜಿನ ಮೇಲೆ ನಾನು ಪೆಟ್ಟು ಹಾಕಿದೆ, ಪ್ರತಿ ಪೆಟ್ಟಿಗೂ ಒಂದು ಅಕ್ಷರ. ಸುಲಭದ್ದಕ್ಕೂ ಕಷ್ಟದ್ದಕ್ಕೂ ಅಷ್ಟೇ ಹೊತ್ತು. ಕಾಗದ ಸರಿಯದ ಗುರುತಿಗೂ ಒಂದು ಪೆಟ್ಟು, ತಾಳದಲ್ಲಿ ಒತ್ತಿಲ್ಲದೆ ಎಣಿಸುವ ಖಾಲಿ ಬರುವ ಹಾಗೆ. ಸಾಲಿನ ಕೊನೆಗೆ ಗಂಟೆ ಠಣ್ ಎಂದಾಗ ಕಾಗದ ಹೊತ್ತ ಗಾಡಿ ತಳ್ಳಿ ಮತ್ತೆ ಮೊದಲಿಗೆ ಬರುವುದು ನನಗೆ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದಂತೆಯೇ ಕೇಳಿಸಿತು. ಕಲಿಯುವವರು ನಕ್ಕರು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಹಾಳೆಗಳ ಮೇಲಿನ ಅಕ್ಷರ ಒಂದೇ ಬಣ್ಣಕ್ಕೆ ಬಂದಿತ್ತು. ಸ್ಪೀಡು ತಾನಾಗಿ ಹಿಂದೆಯೇ ಬಂತು.

ಮಾಲೀಕರಿಗೆ ಇದು ಸರಿಬರಲಿಲ್ಲ. ಕೆಳಗಿನ ಅಂಗಡಿಯವರು ಇದು ಟೈಪಿಂಗ್ ಕ್ಲಾಸೋ ನಾಟಕದ ಕಂಪನಿಯೋ ಎಂದು ಕೇಳುತ್ತಾರೆ ಎಂದರು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಸುಮ್ಮನಾದರು.

ಆ ದಿನಗಳಲ್ಲೇ ದೇವದುರ್ಗದ ಒಬ್ಬ ಹೆಣ್ಣುಮಗಳು ಬಂದು ಸೇರಿದಳು. ಗಂಡ ತೀರಿಹೋಗಿದ್ದ. ರಾಯಚೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಬೇರೆ ಕಡೆ ಕಲಿತು ಪರೀಕ್ಷೆಗೆ ಕೂತು ಫೇಲಾಗಿ ಬಂದಿದ್ದಳು. ಕ್ಲಾಸಿನಲ್ಲಿ ಅವಳ ಕೈ ನೋಡಿದರೆ ಫೇಲಾಗುವ ಕಾರಣವೇ ಇರಲಿಲ್ಲ. ತಪ್ಪಿಲ್ಲದ, ಸಮನಾದ ಟೈಪಿಂಗ್. ಧೈರ್ಯವಾಗಿ ಕಳಿಸಿದೆ. ಮತ್ತೆ ಫೇಲಾದಳು. ಬಂದು ಬೆಂಚಿನ ಮೇಲೆ ಕೂತು, ಇನ್ನು ಬರುವುದಿಲ್ಲ ಎಂದಳು. ಅಣ್ಣನ ಹೆಂಡತಿ ಈಗಾಗಲೇ ಒಂದು ಮಾತು ಅಂದಾಗಿತ್ತು.

ಪರೀಕ್ಷೆಯಲ್ಲಿ ಏನಾಗುತ್ತದೆ ಎಂದು ಕೇಳಿದೆ.

"ಮಗ್ಗಲದಾಕಿ ಮಿಷನ್ ಕಿವಿಗೆ ಬೀಳ್ತದ್ರೀ ಸರ್," ಎಂದಳು. "ಆಕಿ ಜೋರು ಹೊಡದ್ರ ನನ್ನ ಕೈ ಆಕಿ ಬೆನ್ನ ಹತ್ತಿ ಓಡ್ತಾವ. ಆಕಿ ನಿಂತ್ರ ನಾನೂ ನಿಂತುಬಿಡ್ತೀನಿ."

ಈ ರೋಗ ನನಗೂ ಆಗಿ ಹೋಗಿತ್ತು. ಮೊದಮೊದಲು ಭಜನೆಗೆ ತಬಲಾ ಹಿಡಿದು ಕೂತಾಗ ತಾಳದವನು ಓಡಿದರೆ ನಾನೂ ಓಡುತ್ತಿದ್ದೆ. ಆದರೆ ಮೇಷ್ಟ್ರಾಗಿ ನಾನು ಅವಳಿಗೆ ಹೇಳಿದ್ದು, ಬೇರೆಯವರ ಸದ್ದಿಗೆ ಕಿವಿ ಕೊಡಬೇಡ ಎಂದು. ಅವಳು ಪ್ರಯತ್ನಪಟ್ಟಳು. ಕಿವಿಗೆ ಹತ್ತಿ ಇಟ್ಟುಕೊಂಡೂ ನೋಡಿದಳು. ಹತ್ತಿ ಇಟ್ಟರೆ ತನ್ನ ಮಿಷನ್ನಿನ ಸದ್ದೂ ಕೇಳದೆ ತಪ್ಪುಗಳು ಹೆಚ್ಚಾದವು.

ಉಸ್ತಾದರ ಹತ್ತಿರ ಈ ಮಾತು ಎತ್ತಿದೆ. ಅವರು ಎಡಗೈಯಲ್ಲಿ ನುಡಿಸುವ ಬಾಯಾಂದ ಮೇಲಿನ ಚರ್ಮದ ವಾದಿ ಎಳೆದು ಬಿಗಿಯುತ್ತ ತಲೆ ಎತ್ತದೆ ಕೇಳಿಸಿಕೊಂಡರು.

"ಆಕಿನ್ನ ಕಿವುಡಿ ಆಗು ಅಂತ ಹೇಳಾಕತ್ತೀಯಲ್ಲ ಬೇಟಾ," ಎಂದರು. "ಕೇಳ್ಲಿ. ಪೂರಾ ಕೇಳ್ಲಿ. ಕೇಳಿ ತನ್ನ ಜಾಗಾದಾಗ ಇರೋದು ಕಲಿಸು. ನಿನಗ ನಾನು ಹೆಂಗ ಕಲಿಸಿದೆ, ಮರ್ತೇನು?"

ಮರೆತಿದ್ದೆ. ನಾನು ಎಂಟು ಮಾತ್ರೆಯ ಕೆಹರ್ವಾ ನುಡಿಸುವಾಗ ಅವರು ಪಕ್ಕದಲ್ಲಿ ಕೂತು ಆರು ಮಾತ್ರೆಯ ದಾದರಾಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ತಪ್ಪುತ್ತಿದ್ದೆ, ಅವರು ನಿಲ್ಲಿಸುತ್ತಿರಲಿಲ್ಲ. ಕ್ರಮೇಣ ಅವರ ಚಪ್ಪಾಳೆ ನನ್ನನ್ನು ಎಳೆಯುವುದು ಬಿಟ್ಟು, ನಾನು ಎಲ್ಲಿದ್ದೇನೆ ಎಂದು ತೋರಿಸುವ ಗುರುತಾಯಿತು.

ಇದನ್ನು ಉಳಿದವರ ನಡುವೆ ಮಾಡುವಂತಿರಲಿಲ್ಲ. ಅವಳನ್ನು ಬೆಳಿಗ್ಗೆ ಕ್ಲಾಸು ಶುರುವಾಗುವ ಮೊದಲೇ ಬರಹೇಳಿದೆ. ಜನ ಮಾತಾಡಬಾರದೆಂದು ಅವಳು ತಾಯಿಯನ್ನು ದೇವದುರ್ಗದಿಂದ ಕರೆಸಿಕೊಂಡಳು. ಆ ಹಿರಿಯ ಹೆಂಗಸು ಬಾಗಿಲ ಹತ್ತಿರ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು, ಇಲ್ಲವೇ ತೂಕಡಿಸುತ್ತಿದ್ದರು. ಮಗಳು ಟೈಪ್ ಮಾಡುವಾಗ ನಾನು ಮೇಜಿನ ಮೇಲೆ ಬೇರೆ ತಾಳ ಹಾಕುತ್ತಿದ್ದೆ, ಒಮ್ಮೆ ಅವಳಿಗಿಂತ ಜೋರಾಗಿ, ಒಮ್ಮೆ ನಿಧಾನವಾಗಿ, ಒಮ್ಮೆ ನಡುವೆ ತಟ್ಟನೆ ನಿಲ್ಲಿಸಿ. ಮೊದಲ ವಾರ ಅವಳ ಹಾಳೆಗಳು ನೋಡುವಂತಿರಲಿಲ್ಲ. ಒಂದು ಬೆಳಿಗ್ಗೆ ಕೈ ತೆಗೆದು ಅಳತೊಡಗಿದಳು. ನಾನೂ ಇದು ಮೂರ್ಖತನವೇನೋ ಎಂದುಕೊಂಡೆ. ಮರುದಿನ ಬರುವುದಿಲ್ಲ ಎಂದುಕೊಂಡಿದ್ದೆ. ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತಿದ್ದಳು.

ಯಾವ ದಿನ ಬದಲಾಯಿತೆಂದು ಹೇಳಲಾರೆ. ಒಂದು ದಿನ ನಾನು ಪೆಟ್ಟು ನಿಲ್ಲಿಸಿದೆ, ಅವಳ ಕೈ ನಿಲ್ಲಲಿಲ್ಲ. ಪುಟ ಮುಗಿಸಿ ತಲೆ ಎತ್ತಿದಳು. ಇದು ತನಗೆ ಹೊಸದಲ್ಲ ಎಂದಳು. ಮದುವೆಗೆ ಮೊದಲು ತವರಿನಲ್ಲಿ ಇದೇ ಅತ್ತಿಗೆಯ ಜೊತೆ ಒಂದೇ ಒರಳಿಗೆ ಇಬ್ಬರೂ ಒನಕೆ ಹಾಕುತ್ತಿದ್ದಾಗ ಅತ್ತಿಗೆಯ ಪೆಟ್ಟು ಕೇಳಿಕೊಂಡೇ ತನ್ನ ಪೆಟ್ಟು ಹಾಕುತ್ತಿದ್ದಳಂತೆ. ಮಿಷನ್ ಮುಂದೆ ಕೂತಾಗ ಅದು ನೆನಪಾಗಿರಲಿಲ್ಲವಂತೆ.

ಆ ಸಲ ಅವಳು ಪಾಸಾದಳು. ಮುಂದೆ ಮಾನ್ವಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ, ತಾಯಿಯನ್ನು ಕರೆದುಕೊಂಡು ಅಲ್ಲೇ ಮನೆ ಮಾಡಿದಳು. ನಾನು ಊರಿಗೆ ಹೋಗುವಾಗ ಒಮ್ಮೆ ಅಲ್ಲಿಳಿದು ಹೋಗಿದ್ದೆ. ತಾಯಿ ಚಹಾ ಕೊಟ್ಟು, ಈಗ ಸಾಹೇಬರು ಪಕ್ಕದಲ್ಲಿ ನಿಂತು ಕೂಗಾಡಿದರೂ ಮಗಳ ಕೈ ತಪ್ಪುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು.

ಇದೆಲ್ಲ ಕೇಳಿದವರು ತಬಲಾದಿಂದ ನನ್ನ ಕೆಲಸಕ್ಕೆ ಒಳ್ಳೆಯದಾಯಿತು ಎನ್ನುತ್ತಾರೆ. ನಿಜ. ಕೆಲಸದಿಂದ ತಬಲಾಕ್ಕೆ ಒಳ್ಳೆಯದಾಗಲಿಲ್ಲ. ದಿನವಿಡೀ ಕೀಲಿಗಳನ್ನು ನೆಟ್ಟಗೆ ಕುಟ್ಟಿ ಕುಟ್ಟಿ ನನ್ನ ಬೆರಳು ಗಡುಸಾದವು. ತಬಲಾದ ಮೇಲೆ ಬೆರಳು ಬಿದ್ದು ಏಳಬೇಕು, ಕೆಲವೊಮ್ಮೆ ಜಾರಬೇಕು. ನನ್ನವು ಬಿದ್ದಲ್ಲೇ ನಿಲ್ಲುತ್ತಿದ್ದವು. ಉಸ್ತಾದರು ಅದನ್ನು ಬಹಳ ದಿನ ಸಹಿಸಿಕೊಂಡು, ಕೊನೆಗೊಮ್ಮೆ ನನ್ನ ಬಾಯಾಂ ನಿಲ್ಲಿಸಿ, ನೀನು ಮೇಳದಲ್ಲಿ ಕೂತು ನುಡಿಸುವ ಆಸೆ ಬಿಡು ಎಂದರು. ಕೋಪದಿಂದಲ್ಲ, ಚರ್ಮ ಹೋಗಿದೆ ಎಂದು ಗಿರಾಕಿಗೆ ಹೇಳುವಂತೆ ಹೇಳಿದರು. ಮರುದಿನವೂ ಅಂಗಡಿಗೆ ಹೋದೆ. ಅವರು ಎಂದಿನಂತೆ ಕೂರಿಸಿಕೊಂಡು ಪಾಠ ಹೇಳಿದರು. ಮೇಳದ ಮಾತು ಇಬ್ಬರೂ ಎತ್ತಲಿಲ್ಲ. ಅವರಿರುವ ತನಕ ಅದು ಹಾಗೇ ನಡೆಯಿತು.

ಅವರು ಹೋದ ಮೇಲೆ ರಾಯಚೂರಿನಲ್ಲಿ ಇರಲು ಮನಸ್ಸಾಗಲಿಲ್ಲ. ಎಂಬತ್ತರ ದಶಕದ ಕೊನೆಗೆ ದೇವದುರ್ಗದಲ್ಲಿ ಒಂದು ಮಹಡಿ ಕೋಣೆ ಹಿಡಿದು ನನ್ನದೇ ಕ್ಲಾಸು ತೆರೆದೆ. ಹಳೆಯ ಮಿಷನ್‌ಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದೆ. ಕೆಳಗಡೆ ಒಬ್ಬ ದರ್ಜಿಯ ಅಂಗಡಿ ಇತ್ತು. ನಮ್ಮ ಸದ್ದಿಗೆ ಅವನು ಜಗಳಕ್ಕೆ ಬರುತ್ತಾನೆ ಎಂದು ಹೆದರಿದ್ದೆ. ಅವನು ಬರಲಿಲ್ಲ. ಅವನ ಕಾಲು ಮಿಷನ್ ಅವನ ಪಾಡಿಗೆ, ನಮ್ಮವು ನಮ್ಮ ಪಾಡಿಗೆ ನಡೆದವು. ಹೊಸ ಬ್ಯಾಚು ಶುರುವಾದ ಒಂದು ದಿನ ನಾನು ಮೆಟ್ಟಿಲಿಳಿದು ಬರುವಾಗ ಅವನು ಬಟ್ಟೆಯಿಂದ ಕಣ್ಣು ತೆಗೆಯದೆ ಕೇಳಿದ.

"ಹೊಸ ಹುಡುಗೂರು ಬಂದಾರೇನ್ರೀ ಸರ್?"

ಬಂದಿದ್ದಾರೆ, ಹೇಗೆ ಗೊತ್ತಾಯಿತು ಎಂದೆ.

"ಮುಂಜಾನಿಂದ ಹೊಲಿಗಿ ಸೊಟ್ಟ ಬರಾಕತ್ತದ," ಎಂದು ಹೇಳಿ, ಹೊಲಿದದ್ದನ್ನು ಬಿಚ್ಚತೊಡಗಿದ.